ಅಕ್ಕನ ಪಿಟೀಲಿಗೆ ಐದನೆಯ ಸಲ

ಬೆಳಗಿನ ಐದೂವರೆ. ಬೀದಿಯಲ್ಲಿ ವಾಹನಗಳ ಗಲಾಟೆ ಇನ್ನೂ ಶುರುವಾಗಿಲ್ಲ. ಮಹಡಿ ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯಲ್ಲಿ ತಂತಿಯಮ್ಮ ಪಿಟೀಲೊಂದನ್ನು ತೊಡೆಯ ಮೇಲೆ ಮಲಗಿಸಿಕೊಂಡು, ತಂತಿಗಳನ್ನು ಎತ್ತಿ ಹಿಡಿಯುವ ಮರದ ಕುದುರೆಯನ್ನು ಬಿಚ್ಚಿ ಅರದಿಂದ ಉಜ್ಜುತ್ತಿದ್ದಾರೆ. ಎರಡು ಸಲ ಉಜ್ಜುವುದು, ಊದುವುದು, ಕಣ್ಣು ಕಿರಿದು ಮಾಡಿ ನೋಡುವುದು. "ಜಾಸ್ತಿ ತೆಗೆದ್ರೆ ಮತ್ತೆ ಅಂಟಿಸೋಕಾಗಲ್ಲ ನೋಡಿ," ಎನ್ನುತ್ತಾರೆ ಪಕ್ಕದಲ್ಲಿ ಕೂತ ನನಗೆ, ಅರ ಕೆಳಗಿಡದೆ.

ತಂತಿಯಮ್ಮ ಎಂಬುದು ಬೀದಿಯವರು ಇಟ್ಟ ಹೆಸರು. ಅವರಿಗೆ ಐವತ್ತೆಂಟು, ಅವರ ಕಸುಬಿಗೆ ಮೂವತ್ತೊಂದು. ಅಪ್ಪ ಕುರ್ಚಿ, ಮೇಜು ಮಾಡುತ್ತಿದ್ದ ಬಡಗಿ. ಅಕ್ಕ ಪಿಟೀಲು ಕಲಿತರು. ತಂಗಿ ಅಪ್ಪನ ಅರ ಹಿಡಿದು ಅದನ್ನು ಸರಿಮಾಡಲು ಹೋಗಿ ಮೊದಲ ಕುದುರೆಯನ್ನು ಮುರಿದೇ ಹಾಕಿದರು. "ಅಕ್ಕ ಮೂರು ದಿನ ಮಾತಾಡ್ಲಿಲ್ಲ. ನಾಲ್ಕನೇ ದಿನ ಒಂದು ಮರದ ತುಂಡು ತಂದು ಮುಂದಿಟ್ಟು, ‘ಈಗ ನೆಟ್ಟಗೆ ಮಾಡು’ ಅಂದ್ಲು."

ದಿನಕ್ಕೆ ಎರಡು ವಾದ್ಯ, ಬಹಳವೆಂದರೆ ಮೂರು. ಬಿಗಿದುಕೊಂಡ ಬಿರಡೆ ಸಲೀಸಾಗಿ ತಿರುಗಬೇಕು, ತಂತಿ ಬೆರಳಿನ ಮಾತು ಕೇಳಬೇಕು, ಪಿಟೀಲಿನ ಹೊಟ್ಟೆಯೊಳಗೆ ಅಂಟಿಲ್ಲದೆ ನಿಂತ ಕಡ್ಡಿ ಕೂದಲೆಳೆಯಷ್ಟೇ ಸರಿಯಬೇಕು. ಚಪ್ಪಾಳೆಯೆಲ್ಲ ನುಡಿಸಿದವರಿಗೆ. ಅದಕ್ಕೆ ತಂತಿಯಮ್ಮ ತಲೆ ಕೆಡಿಸಿಕೊಂಡವರಲ್ಲ. "ಕೆಟ್ಟಾಗ ಮಾತ್ರ ನನ್ನ ನೆನಪಾಗುತ್ತೆ, ಹಲ್ಲಿನ ಡಾಕ್ಟ್ರ ಥರ!"

ಅವರ ಕೊರಗೇ ಬೇರೆ. ಪಿಟೀಲಿನ ದನಿ ನುಡಿಸುವವರ ಕಿವಿಗೆ ಒಂದು ಬಗೆ, ದೂರ ಕೂತವರಿಗೆ ಇನ್ನೊಂದು ಬಗೆ. ಹಾಗಾಗಿ ಅಕ್ಕ ಒಳಕೋಣೆಯಲ್ಲಿ ನುಡಿಸುವುದು, ತಂಗಿ ಮೆಟ್ಟಿಲ ತುದಿಯಲ್ಲಿ ನಿಂತು ಕೇಳುವುದು ವರ್ಷಗಟ್ಟಲೆ ನಡೆದಿತ್ತು. "ಇನ್ನೂ ಮೂಗಲ್ಲೇ ಮಾತಾಡ್ತಿದೆ ಕಣೇ ಅಕ್ಕ!" ಎಂದು ಇವರು ಮೇಲಿನಿಂದ ಕೂಗುತ್ತಿದ್ದರು. ಎರಡು ವರ್ಷದ ಹಿಂದೆ ಅಕ್ಕನ ಎಡಗೈ ಬೆರಳುಗಳು ಬಾತು, ಮಡಿಸಿದರೆ ನೋಯತೊಡಗಿದವು. ಈಗ ಗಿರಾಕಿಗಳೇ ನುಡಿಸಿ ತೋರಿಸುತ್ತಾರೆ. "ಅವ್ರೂ ಚೆನ್ನಾಗೇ ನುಡಿಸ್ತಾರೆ. ಆದ್ರೆ ಮೆಟ್ಟಿಲ ಮೇಲೆ ನಿಂತ್ರೆ ಕಿವಿ ಅಕ್ಕನ್ನೇ ಹುಡುಕುತ್ತೆ," ಎನ್ನುತ್ತಾ ತಂತಿಯಮ್ಮ ಕುದುರೆಯ ಮೇಲಿನ ಪುಡಿ ಊದುತ್ತಾರೆ.

ತೊಡೆಯ ಮೇಲಿರುವುದು ಅಕ್ಕನ ಪಿಟೀಲೇ. ಅಕ್ಕನ ಬೆರಳಿಗೆ ಒತ್ತಲು ಹಗುರವಾಗಲೆಂದು, ಕುದುರೆ ಉಜ್ಜಿ ತಂತಿಗಳನ್ನು ನಾಲ್ಕು ಸಲ ಇಳಿಸಿಯಾಗಿದೆ. ಪ್ರತಿ ಸಲವೂ ಅಕ್ಕ ಎರಡು ಸಾಲು ನುಡಿಸಿ, ನೋವು ನುಂಗಿಕೊಂಡು, "ಸಾಕು ಬಿಡೇ" ಎಂದು ಪೆಟ್ಟಿಗೆ ಮುಚ್ಚಿದ್ದಾರೆ. ಇವತ್ತಿನದು ಐದನೆಯ ಸಲ, ಕೊನೆಯದೂ ಹೌದು. ಈಗಿರುವುದಕ್ಕಿಂತ ಸ್ವಲ್ಪ ಇಳಿದರೂ ತಂತಿ ಕೆಳಗಿನ ಮರಕ್ಕೆ ತಾಗಿ ಜರ್ ಎನ್ನಬಹುದು, ಗೊತ್ತಿದ್ದೂ ಉಜ್ಜುತ್ತಿದ್ದಾರೆ. ಆ ಸದ್ದನ್ನು ಓಡಿಸುವುದೇ ಇವರ ಕಸುಬು. ಜರ್ ಎನ್ನುವ ಒಂದೇ ಒಂದು ವಾದ್ಯವನ್ನೂ ಇವರು ಹೊರಗೆ ಕಳಿಸಿದ್ದಿಲ್ಲ.

ಕುದುರೆ ನಿಲ್ಲಿಸಿ, ತಂತಿ ಬಿಗಿದು, ಬೆರಳಿಂದ ಒತ್ತಿ ಮೀಟುತ್ತಾರೆ. ಜರ್ ಎಂದೇಬಿಡುತ್ತದೆ. ಸದ್ದು ಕೇಳಿ ಅಕ್ಕ ಒಳಗಿನಿಂದ ಬರುತ್ತಾರೆ.

"ಅಯ್ಯೋ, ಕೆಡಿಸಿಬಿಟ್ಯಲ್ಲೇ!"

"ಕೆಟ್ಟಿಲ್ಲ. ಕೂತ್ಕೊಂಡು ನುಡಿಸು, ನೋಡೋಣ."

ಅಕ್ಕ ಪಿಟೀಲನ್ನು ಎದೆಗೆ ಒತ್ತಿಕೊಂಡು, ಬೆರಳುಗಳನ್ನು ಒಂದೊಂದಾಗಿ ತಂತಿಯ ಮೇಲೆ ಜೋಡಿಸುತ್ತಾರೆ. ತಂಗಿ ನನ್ನತ್ತ ಬಾಗಿ ದನಿ ತಗ್ಗಿಸುತ್ತಾರೆ. "ಬೇರೆಯವ್ರದ್ದಾಗಿದ್ರೆ ಇದನ್ನ ಬಾಗಿಲು ದಾಟೋಕೆ ಬಿಡ್ತಿರ್ಲಿಲ್ಲ ನಾನು. ಇವತ್ತು ಜರ್ ಅಂದ್ರೆ ಅನ್ಲಿ. ಅಕ್ಕ ಒಂದು ಹಾಡು ಕೊನೇವರೆಗೂ ನುಡಿಸ್ಲಿ, ನಂಗಷ್ಟೇ ಸಾಕು."