ಹೋಗಿ ಬರ್ತೇನಿ ಅಂದು ಕಳಕೊಂಡ ಮನೆ

ನಮ್ಮ ಕಡೆ ಹೊರಡುವವರು ‘ಹೋಗ್ತೇನಿ’ ಅನ್ನುವುದಿಲ್ಲ. ಇಳಕಲ್ಲಿನಲ್ಲಿ ಹಾಲು ಹಾಕುವವನಾಗಲಿ, ಬಳೆ ಮಾರುವವಳಾಗಲಿ, ಕಟ್ಟೆಯ ಮೇಲೆ ಹರಟೆ ಮುಗಿಸಿ ಎದ್ದವರಾಗಲಿ ‘ಬರ್ತೇನಿ’ ಎಂದೇ ಹೋಗುತ್ತಾರೆ. ‘ಹೋಗ್ತೇನಿ’ ಎಂದರೆ ತಿರುಗಿ ಬರದ ಕಡೆಗೆ ಹೊರಟಂತೆ. ಚಿಕ್ಕವನಿದ್ದಾಗ ಒಮ್ಮೆ ಸಾಲಿಗೆ ಹೊರಡುತ್ತ ಬಾಯಿ ತಪ್ಪಿ ಹಾಗೆ ಅಂದಿದ್ದಕ್ಕೆ ಅವ್ವ ನನ್ನನ್ನು ಹೊಸ್ತಿಲೊಳಗೆ ಎಳೆದು, ನೀರು ಕುಡಿಸಿ, ಸರಿಯಾಗಿ ಅನ್ನಿಸಿ ಮತ್ತೆ ಕಳಿಸಿದ್ದಳು. ಆವತ್ತಿನಿಂದ ಆ ಮಾತು ನಾಲಿಗೆಯಲ್ಲಿ ಕೂತುಬಿಟ್ಟಿದೆ. ಅದನ್ನೇ ಬೇರೆ ದೇಶಕ್ಕೂ ಒಯ್ದೆ.

ನಮ್ಮದು ನೇಕಾರರ ಮನೆ. ಆದರೆ ಮಗ್ಗ ನನ್ನ ಕೈಗೆ ಹತ್ತಲಿಲ್ಲ. ಸಾಲಿಯೂ ಬೇಗ ಹತ್ತಲಿಲ್ಲ. ಗ್ರಾನೈಟ್ ಪಾಲಿಶ್ ಮಾಡುವ ಕೆಲಸಕ್ಕೆ ಸೇರಿ, ಹೊರಗಿನಿಂದ ಪರೀಕ್ಷೆ ಕಟ್ಟಿ ಹತ್ತನೇ ಇಯತ್ತೆ ಪಾಸಾಗುವ ಹೊತ್ತಿಗೆ ನನ್ನ ಮದುವೆಯೂ ಆಗಿತ್ತು. ಮಗ್ಗ ಹತ್ತಿದ್ದು ನನ್ನ ಹೆಂಡತಿಗೆ. ಅಪ್ಪ ಸತ್ತ ಮೇಲೆ ಧೂಳು ತಿನ್ನುತ್ತಿದ್ದ ಕುಣಿಮಗ್ಗಕ್ಕೆ ಅವಳು ಬಂದು ಕೂತಳು. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ ಅದು. ಅಣ್ಣ, ಅವನ ಹೆಂಡತಿ ಅಂದರೆ ನನ್ನ ವೈನಿ, ಅವರ ಮಕ್ಕಳು ಮತ್ತು ನಾವಿಬ್ಬರು ಎಲ್ಲರೂ ಇರುವ ಮನೆ. ಒಲೆ ವೈನಿಯದು, ಕಪಾಟು ವೈನಿಯದು. ಮುಂದಿನ ಕೋಣೆಯ ಆ ಕುಣಿಯೊಂದು ಮಾತ್ರ ನನ್ನ ಹೆಂಡತಿಯದು. ಅದರಲ್ಲಿ ಇಳಿದು ಕೂತರೆ ಯಾರೂ ಅವಳನ್ನು ಏಳು ಅನ್ನುತ್ತಿರಲಿಲ್ಲ. ಅಣ್ಣನ ಹೆಣ್ಣುಮಕ್ಕಳು ದೊಡ್ಡವರಾಗತೊಡಗಿದ ಮೇಲೆ ವೈನಿಗೆ ಆ ಕೋಣೆ ಬೇಕಾಗಿತ್ತು. ಅದರಲ್ಲಿ ತಪ್ಪೇನೂ ಇರಲಿಲ್ಲ. ಮನೆ ಅಷ್ಟೇ ಇತ್ತು.

ನನಗಿಂತ ಮೊದಲೇ ಪೋರ್ಚುಗಲ್ಲಿಗೆ ಹೋಗಿದ್ದ ಹುನಗುಂದದ ಗೆಳೆಯನೊಬ್ಬ ನನ್ನನ್ನು ಕರೆಸಿಕೊಂಡ. ಅಲ್ಲಿಯೂ ಕಲ್ಲಿನ ಕೆಲಸವೇ. ಕಲ್ಲು ಬೇರೆ, ಧೂಳು ಅದೇ. ಒಂದು ಅಂಗಡಿಯ ಮೇಲಿನ ಕೋಣೆಯಲ್ಲಿ ನಾವು ಆರು ಜನ ಇದ್ದೆವು. ಒಂದರ ಮೇಲೊಂದು ಮಂಚ. ನನಗೆ ಮೇಲಿನದು ಸಿಕ್ಕಿತ್ತು. ಎದ್ದು ಕೂತರೆ ತಲೆಗೆ ಸೀಲಿಂಗ್ ಬಡಿಯುತ್ತಿತ್ತು. ಹೆಂಡತಿಯನ್ನು ಕರೆಸಿಕೊಳ್ಳಲು ಆ ದೇಶದಲ್ಲಿ ದಾರಿ ಇದೆ. ಆದರೆ ನನ್ನ ಹೆಸರಿನಲ್ಲಿ ಮನೆಯ ಬಾಡಿಗೆ ಕರಾರು ಇರಬೇಕು. ಮಂಚ ಬಾಡಿಗೆ ಹಿಡಿದವನಿಗೆ ಹೆಂಡತಿಯನ್ನು ತರುವ ಹಕ್ಕಿಲ್ಲ. ಹೊರದೇಶದವರ ಕಾಗದಪತ್ರ ನೋಡುವ ಆಫೀಸಿನವರು ನನಗೊಂದು ದಿನ ಕೊಟ್ಟಿದ್ದರು. ಆ ದಿನ ಕರಾರು ತೋರಿಸದಿದ್ದರೆ ಮುಂದಿನ ದಿನ ಯಾವಾಗ ಸಿಗುತ್ತದೆ ಎಂದು ಯಾರೂ ಹೇಳುವಂತಿರಲಿಲ್ಲ.

ಹಾಗಾಗಿ ರಜೆ ಸಿಕ್ಕಾಗಲೆಲ್ಲ ಮನೆ ಹುಡುಕಿದೆ. ಫೋನು ಮಾಡಿದರೆ ನನ್ನ ಇಂಗ್ಲಿಷ್ ಕೇಳುತ್ತಲೇ ಮನೆ ಹೋಯಿತು ಅನ್ನುತ್ತಿದ್ದರು. ಅದೇ ಮನೆಯ ಬಾಗಿಲಿಗೆ ಬಾಡಿಗೆಯ ಬೋರ್ಡು ಆಮೇಲೂ ತೂಗಾಡುತ್ತಿತ್ತು. ಒಬ್ಬ ಒಳಗೆ ಕರೆದು, ಎಲ್ಲ ತೋರಿಸಿ, ಕೊನೆಗೆ ಮೂಗು ಮುಟ್ಟಿ, ನಿಮ್ಮ ಅಡುಗೆಯ ವಾಸನೆ ಗೋಡೆಗೆ ಕೂರುತ್ತದೆ ಅಂದ. ಇನ್ನೊಬ್ಬ ಆ ದೇಶದವರೇ ಯಾರಾದರೂ ಜಾಮೀನು ನಿಲ್ಲಬೇಕು ಅಂದ. ನನಗೆ ಅಲ್ಲಿ ಜಾಮೀನು ನಿಲ್ಲುವವರು ಯಾರಿದ್ದಾರೆ? ಸಿಟ್ಟು ಬರುತ್ತಿತ್ತು. ಆದರೆ ಬಾಗಲಕೋಟೆಯ ನವನಗರದಲ್ಲಿ ನಮ್ಮ ಕಾರ್ಖಾನೆಯವನೊಬ್ಬ ಬಾಡಿಗೆ ಮನೆ ಕೇಳಲು ಹೋದಾಗ ನಾನೂ ಜೊತೆಗಿದ್ದೆ. ಮನೆ ತೋರಿಸುವ ಮೊದಲೇ ‘ನೀವು ಯಾವ ಮಂದಿ?’ ಎಂದು ಕೇಳಿದ್ದರು. ಪೋರ್ಚುಗಲ್ಲಿನಲ್ಲಿ ಕೇಳುವ ಕೆಲಸವಿಲ್ಲ. ಮುಖದಲ್ಲೇ ಬರೆದಿರುತ್ತದೆ. ಅಷ್ಟೇ ಫರಕು.

ಆ ದೇಶದ ಮಾತನ್ನು ನಾನು ಫೋನಿನಿಂದ ಕಲಿತೆ. ಮೊದಲು ಕಲಿತದ್ದು ನಮಸ್ಕಾರ, ಉಪಕಾರ, ತಪ್ಪಾಯಿತು. ಆಮೇಲೆ ಹೊರಡುವಾಗ ಅನ್ನಬೇಕಾದ ಮಾತು. ‘ಹೋಗಿ ಬರ್ತೇನಿ’ ಎಂಬುದನ್ನು ನನ್ನ ಇಂಗ್ಲಿಷಿನಲ್ಲಿ ಹಾಕಿದೆ. ಫೋನು ಅದನ್ನು ‘ವೊ ಇ ವೊಲ್ತು’ ಮಾಡಿ ಕೊಟ್ಟಿತು. ಬಾಯಿಪಾಠ ಮಾಡಿದೆ. ಹತ್ತನೇ ಇಯತ್ತೆಯ ಉತ್ತರಗಳನ್ನು ಹಾಗೆಯೇ ಬಾಯಿಪಾಠ ಮಾಡಿದವನು ನಾನು, ಅದು ನನಗೆ ಕಷ್ಟವಲ್ಲ. ಕಾರ್ಖಾನೆ ಬಿಡುವಾಗ, ದಿನಸಿ ಅಂಗಡಿ ಬಿಡುವಾಗ, ಎಲ್ಲ ಕಡೆ ಕೈ ಮುಗಿದು ಅದನ್ನೇ ಅನ್ನುತ್ತಿದ್ದೆ. ಜನ ಒಂದು ಗಳಿಗೆ ನಿಂತು ನನ್ನನ್ನು ನೋಡುತ್ತಿದ್ದರು. ಹೊರಗಿನವನ ಬಾಯಲ್ಲಿ ತಮ್ಮ ಮಾತು ಕೇಳಿ ಖುಷಿಯಾಗಿದೆ ಎಂದುಕೊಂಡೆ.

ಹತ್ತಿರದ ಒಂದು ಬೀದಿಯ ತುದಿಯಲ್ಲಿ ಬ್ರೆಡ್ಡಿನ ಅಂಗಡಿಯಿತ್ತು. ಅಲ್ಲಿ ನಾವು ಕಾಫಿ ಕುಡಿಯುತ್ತಿದ್ದೆವು. ನಾನು ಎದ್ದು ಬಂದ ಮೇಲೆಯೂ ಅಂಗಡಿಯವನು ನನ್ನ ಕಪ್ಪನ್ನು ತೆಗೆಯುತ್ತಿರಲಿಲ್ಲ. ಒಮ್ಮೆ ಹುನಗುಂದದವನು ಅದನ್ನು ಕಂಡು ನಕ್ಕ.

“ಏನಂತಿಯಲೇ ಅವಂಗ ದಿನಾ? ನಿನ್ನ ಕಪ್ಪ ಎತ್ತವಲ್ಲ. ನೊಣಾ ಮುಕರ್ಯಾವ ನೋಡ.”

“ಹೋಗಿ ಬರ್ತೇನಿ ಅಂತೇನಿ. ಮರ್ಯಾದಿ ಬ್ಯಾಡ?”

“ನಿನ್ನ ಮರ್ಯಾದಿ ಕಪ್ಪಿನ್ಯಾಗ ತಣ್ಣಗಾಗೇತಿ ಬಿಡ್ಲೇ,” ಅಂದ.

ಅಂಗಡಿಯವನು ಸೋಮಾರಿ ಎಂದು ಇಬ್ಬರೂ ತೀರ್ಮಾನಿಸಿದೆವು.

ಕೊನೆಗೆ ಒಂದು ಭಾನುವಾರ ಮನೆ ಸಿಕ್ಕಿತು. ಅದೇ ಬೀದಿಯ ಇನ್ನೊಂದು ತುದಿಯಲ್ಲಿ, ನೆಲಮಟ್ಟದ ಒಂದು ಕೋಣೆ, ಒಂದು ಅಡುಗೆಮನೆ, ಎರಡು ಕಿಟಕಿ. ಹೊಸ್ತಿಲಿನ ಕಲ್ಲು ಕಾಲು ತಾಗಿ ತಾಗಿ ನಡುವೆ ತಗ್ಗಾಗಿತ್ತು. ಮನೆಯೊಡತಿ ಮುದುಕಿ, ಮಗ್ಗುಲ ಮನೆಯಲ್ಲಿ ಒಬ್ಬಳೇ ಇರುವವಳು. ಅವಳು ನನ್ನ ಕೈ ಹಿಡಿದು ಹೊರಳಿಸಿ, ಕಲ್ಲಿನ ಗಾಯದ ಗೆರೆಗಳನ್ನು ನೋಡಿದಳು. ಕೆಲಸದ ಕೈ ಎಂದು ಅವಳಿಗೆ ಸಮಾಧಾನವಾದಂತೆ ಕಂಡಿತು. ಹೆಂಡತಿಯ ಫೋಟೋ ತೋರಿಸಿದೆ. ಸೀರೆಯ ಕೆಂಪು ಸೆರಗಿನ ಮೇಲೆ ಬೆರಳಿಟ್ಟು ಏನೋ ಅಂದಳು. ಹೊರಗೆ ಒಬ್ಬ ಹುಡುಗ, ಒಬ್ಬ ಹುಡುಗಿ ಇದೇ ಮನೆ ನೋಡಲು ನಿಂತಿದ್ದರು. ಅವರಿಗೆ ಕೈಯಲ್ಲೇ ಹೋಗಿರೆಂದು ಸನ್ನೆ ಮಾಡಿದಳು. ಕೆಲಸ ಕೊಟ್ಟವರ ಕಾಗದ, ಮುಂಗಡ, ಇವೆರಡೂ ಬೇಕು ಎಂದು ನನಗೆ ತಿಳಿಯುವಂತೆ ಹೇಳಿದಳು. ಕಾರ್ಖಾನೆಗೆ ಅಂದು ಬಿಡುವು. ಕಾಗದ ಮಾರನೆಯ ದಿನವೇ ಸಿಗಬೇಕು. ಅದನ್ನು ಹೇಳುವಷ್ಟು ಮಾತು ನನ್ನಲ್ಲಿರಲಿಲ್ಲ. ತಲೆಯಾಡಿಸಿದೆ, ಕೈ ಮುಗಿದೆ.

“ವೊ ಇ ವೊಲ್ತು,” ಅಂದೆ.

ಅವಳು ನಕ್ಕಳು. ಒಳಗಿನಿಂದ ಕುರ್ಚಿ ತಂದು ಬಾಗಿಲಲ್ಲಿ ಹಾಕಿಕೊಂಡು, ಮಡಿಲಲ್ಲಿ ಬೀಗದ ಕೈ ಇಟ್ಟುಕೊಂಡು ಕೂತಳು. ನಾನು ತಿರುವಿನಲ್ಲಿ ಹೊರಳಿ ನೋಡಿದೆ. ಹಾಗೇ ಕೂತು ನನ್ನನ್ನೇ ನೋಡುತ್ತಿದ್ದಳು. ನಮ್ಮವ್ವನೂ ಮರೆಯಾಗುವ ತನಕ ಬಾಗಿಲು ಬಿಟ್ಟು ಕದಲುತ್ತಿರಲಿಲ್ಲ. ಇವರಲ್ಲೂ ಇದೇ ರೂಢಿ ಎಂದುಕೊಂಡು ನನ್ನ ಕಣ್ಣು ತುಂಬಿ ಬಂತು. ಖರೆ ಹೇಳುತ್ತೇನೆ, ಆ ದೇಶಕ್ಕೆ ಕಾಲಿಟ್ಟ ಮೇಲೆ ಅಷ್ಟು ಹಗುರಾಗಿ ನಾನು ನಡೆದದ್ದು ಆ ದಿನ ಮಾತ್ರ.

ದಾರಿಯಲ್ಲೇ ಹೆಂಡತಿಗೆ ಫೋನು ಮಾಡಿದೆ. ಇಳಕಲ್ಲಿನಲ್ಲಿ ದೀಪ ಹಚ್ಚುವ ಹೊತ್ತು. ಲಾಳಿಯ ಸಪ್ಪಳ ನಿಂತಿತು.

“ಖರೆ ಹೇಳ್ರಿ. ಮನಿ ಸಿಕ್ತೇನ್ರಿ?”

“ಸಿಕ್ತು. ಎರಡ ಕಿಡಕಿ ಅದಾವ.”

ಅವಳು ಕೇಳಿದಳು, “ಹಂಗಾರ ಮಗ್ಗಾ ಬಿಚ್ಚಸ್ಲೇನ್ರಿ? ಖೋಲಿ ಯಾವಾಗ ಬಿಡ್ತಿ ಅಂತ ಅಕ್ಕಾರು ದಿನಾ ಕೇಳಾಕತ್ತಾರ.”

“ಬಿಚ್ಚಸು,” ಅಂದೆ.

ಸೋಮವಾರ ಕೆಲಸ ಬಿಟ್ಟವನೇ ಕಾಗದ, ಮುಂಗಡ ಎರಡನ್ನೂ ತೆಗೆದುಕೊಂಡು ಹೋದೆ. ಬಾಗಿಲಲ್ಲಿ ಕುರ್ಚಿ ಇರಲಿಲ್ಲ. ಬಾಗಿಲು ತೆರೆದವನು ನಿನ್ನೆ ಹೊರಗೆ ನಿಂತಿದ್ದ ಹುಡುಗ. ಅವನ ಹಿಂದೆ ರಟ್ಟಿನ ಪೆಟ್ಟಿಗೆಗಳು, ಸುತ್ತಿದ ಹಾಸಿಗೆ. ಮಗ್ಗುಲ ಮನೆಯಿಂದ ಮುದುಕಿ ಹೊರಗೆ ಬಂದಳು. ಬಹಳ ಹೊತ್ತು ಮಾತಾಡಿದಳು. ಅದರಲ್ಲಿ ನನಗೆ ತಿಳಿದದ್ದು ನನ್ನದೇ ಮಾತು, ‘ವೊಲ್ತು’. ಅದನ್ನು ಅವಳು ಮತ್ತೆ ಮತ್ತೆ ಅಂದಳು.

ಓಡಿಹೋಗಿ ಬ್ರೆಡ್ಡಿನ ಅಂಗಡಿಯವನನ್ನು ಕರೆತಂದೆ. ಅವನಿಗೆ ಇಂಗ್ಲಿಷ್ ಬರುತ್ತಿತ್ತು. ಅವನು ಕೇಳಿಕೊಂಡು ನನಗೆ ಹೇಳಿದ. ನೀನು ಈಗ ಹೋಗಿ ಈಗ ಬರುತ್ತೇನೆ ಅಂದೆ, ಅವಳು ಬೀಗದ ಕೈ ಹಿಡಿದು ಕತ್ತಲಾಗುವ ತನಕ ಕೂತಿದ್ದಳು. ನಿನಗೋಸ್ಕರ ಈ ಮಕ್ಕಳನ್ನು ತಿರುಗಿ ಕಳಿಸಿದ್ದಳು. ನಿನಗೆ ಏನಾದರೂ ಆಯಿತೇನೋ ಎಂದು ನನ್ನ ಅಂಗಡಿಗೂ ಬಂದು ವಿಚಾರಿಸಿದಳು. ಕಾಯಿಸಿ ಮಜಾ ನೋಡುವವನಿಗೆ ಮನೆ ಕೊಡಬಾರದು ಎಂದು ಮುಂಜಾನೆ ಇವರನ್ನು ಕರೆಸಿದಳು. ಇಷ್ಟು ಹೇಳಿ ಅವನು ತನ್ನದೂ ಒಂದು ಕೇಳಿದ: ದಿನಾ ನನ್ನ ಅಂಗಡಿಯಲ್ಲೂ ಹಾಗೇ ಅಂದು ಹೋಗುತ್ತೀಯ, ಯಾಕೆ ಆಗಲೇ ತಿರುಗಿ ಬರುವುದಿಲ್ಲ?

ನಮ್ಮಲ್ಲಿ ಎರಡು ಮಾತಿವೆ ಎಂದು ಹೇಳಬೇಕಿತ್ತು. ಬಸ್ಸಿನಲ್ಲಿ ಟವೆಲ್ ಹಾಕಿ ಇಳಿಯುವವನು ‘ಬಂದ್ನಿ’ ಅನ್ನುತ್ತಾನೆ, ಇನ್ನೂ ಹೋಗಿಯೇ ಇರುವುದಿಲ್ಲ. ಅವನು ಗಳಿಗೆಯಲ್ಲಿ ಬರುತ್ತಾನೆ. ‘ಬರ್ತೇನಿ’ ಅಂದವನು ಮುಂದಿನ ವರ್ಷ ಬಂದರೂ ಆಯಿತು, ಬಾರದಿದ್ದರೂ ಯಾರೂ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುವುದಿಲ್ಲ. ಇದನ್ನೆಲ್ಲ ಹೇಳುವುದಕ್ಕೆ ನನ್ನ ಇಂಗ್ಲಿಷ್ ಸಾಲಲಿಲ್ಲ. ತಪ್ಪಾಯಿತು ಎಂಬ ಮಾತು ಬರುತ್ತಿತ್ತು, ಅದನ್ನು ಅಂದೆ. ಮುದುಕಿ ತಲೆಯಾಡಿಸಿ ಮೆಲ್ಲಗೆ ಬಾಗಿಲು ಹಾಕಿಕೊಂಡಳು. ದಡಾರನೆ ಹಾಕಿದ್ದರೆ ನನಗೆ ಸಿಟ್ಟಾದರೂ ಬರುತ್ತಿತ್ತು.

ಮಂಗಳವಾರ ಕೆಲಸಕ್ಕೆ ಹೋಗುವ ಮೊದಲು ಇಳಕಲ್ಲಿಗೆ ಫೋನು ಮಾಡಿದೆ. ನಾನು ಬಾಯಿ ತೆರೆಯುವ ಮೊದಲು ಅವಳೇ ಶುರು ಮಾಡಿದಳು. ಓಣಿಯವರು ಬಂದು ಮಗ್ಗ ಬಿಚ್ಚಿ ಒಯ್ದರು, ಅಣ್ಣ ಕುಣಿಗೆ ಗರಸು ಮಣ್ಣು ತುಂಬಿಸಿ ಮೇಲೆ ಫರಸಿ ಕಲ್ಲು ಹಾಕಿಸಿದ, ವೈನಿ ಎಲ್ಲರಿಗೂ ಚಹಾ ಕೊಟ್ಟಳು. ಎಲ್ಲ ಹೇಳಿ ಮುಗಿಸಲಿ ಎಂದು ಕಾದೆ. ಆಮೇಲೆ ನನ್ನದು ಹೇಳಿದೆ.

“ಕುಣಿ ಮುಚ್ಚ್ಯಾರ್ರಿ,” ಅಂದಳು. ಬೈಯಲಿಲ್ಲ, ಅಳಲಿಲ್ಲ. ನನಗೆ ಇನ್ನೊಮ್ಮೆ ತಿಳಿಸಿ ಹೇಳಿದಂತಿತ್ತು.

ಆಫೀಸಿನ ದಿನ ಬಂತು, ಹೋಯಿತು. ಅಷ್ಟರೊಳಗೆ ಬೇರೆ ಮನೆ ಸಿಗಲಿಲ್ಲ. ನಾನು ಅದೇ ಮೇಲಿನ ಮಂಚದಲ್ಲಿ ಉಳಿದೆ. ಆ ಬೀದಿಯಲ್ಲಿ ಹೋಗುವುದನ್ನು ಬಿಟ್ಟೆ. ಹುನಗುಂದದವನು ನನ್ನ ಮಾತಿನ ಮೇಲೆ ಮತ್ತೆ ನಗಲಿಲ್ಲ. ನನ್ನ ಹೆಂಡತಿ ಬೇರೆಯವರ ಮನೆಗೆ ಕಂಡಿಕೆ ಸುತ್ತಲು ಹೋಗತೊಡಗಿದಳು. ಸೀರೆ ನೇಯುತ್ತಿದ್ದವಳು ಈಗ ಬೇರೆಯವರ ಲಾಳಿಗೆ ನೂಲು ತುಂಬಿಸಿ ಕೊಡುತ್ತಾಳೆ.

ಕಳೆದ ರಜೆಗೆ ಊರಿಗೆ ಬಂದಾಗ ಮುಂದಿನ ಕೋಣೆಯಲ್ಲಿ ಅಣ್ಣನ ಹೆಣ್ಣುಮಕ್ಕಳ ಕಾಟು, ಮೇಜು ಇದ್ದವು. ನಾನು ಒಳಗೆ ಕಾಲಿಟ್ಟೆ. ಒಂದು ಕಡೆ ಫರಸಿ ಡಬ್ ಎಂದಿತು. ಕಲ್ಲಿನವನಿಗೆ ಆ ಸಪ್ಪಳ ತಿಳಿಯುತ್ತದೆ. ದಿಮ್ಮಸಿನಿಂದ ಬಡಿದು ಗಟ್ಟಿ ಮಾಡದೆ ತುಂಬಿದ ಗರಸು ಕೆಳಗೆ ಕುಸಿದಿತ್ತು. ಮೇಲೆ ಕಲ್ಲು, ಕೆಳಗೆ ಪೊಳ್ಳು. ಕಿತ್ತು ಮತ್ತೆ ಹಾಕಿಕೊಡುತ್ತೇನೆ ಎಂದೆ. ಬಿಡು, ಅಲ್ಲಿ ಯಾರೂ ಓಡಾಡುವುದಿಲ್ಲ ಎಂದ ಅಣ್ಣ. ನನ್ನ ಹೆಂಡತಿ ಮಾತ್ರ ಅಲ್ಲಿ ಕಾಲಿಡದೆ ಸುತ್ತು ಹಾಕಿ ಹೋಗುವುದನ್ನು ಆ ರಜೆಯ ಉದ್ದಕ್ಕೂ ನೋಡಿದೆ. ಮನೆ ಸಿಕ್ಕರೆ ತುಳಸಿಗೇರಿಯ ಗುಡಿಗೆ ಬರುತ್ತೇನೆ ಎಂದು ಅವಳು ಹರಕೆ ಹೊತ್ತಿದ್ದಳು. ಅದರ ಮಾತನ್ನು ಇಬ್ಬರೂ ಎತ್ತಲಿಲ್ಲ.

ತಿರುಗಿ ಹೊರಟ ದಿನ ಅವಳು ಬಸ್ ನಿಲ್ದಾಣದ ತನಕ ಬಂದಳು. ಹುಬ್ಬಳ್ಳಿಯ ಬಸ್ಸು ಹಚ್ಚಿದ್ದರು. ಚೀಲ ಮೇಲಿಟ್ಟು, ಕೆಳಗಿಳಿದು ಅವಳ ಹತ್ತಿರ ನಿಂತೆ.

“ಹೋಗಿ ಬರ್ತೇನಿ,” ಅಂದೆ.

“ಹಂಗ ಅನಬ್ಯಾಡ್ರಿ,” ಅಂದಳು. ದನಿ ಸಣ್ಣಗಿತ್ತು, ಆಜೂಬಾಜೂದವರಿಗೆ ಕೇಳಿಸುವಂತಿರಲಿಲ್ಲ. “ಹೋಗ್ತೇನಿ ಅನ್ರಿ. ಅಂದ್ರ ನಾ ದಾರಿ ಕಾಯೂದಿಲ್ಲ.”

ನನಗೆ ಆ ಮಾತು ಬರಲಿಲ್ಲ. ಅವ್ವ ನೀರು ಕುಡಿಸಿ ತಿದ್ದಿದ ನಾಲಿಗೆ ಅದು. ಕಂಡಕ್ಟರ್ ಬಾಗಿಲು ಬಡಿದ. ಹತ್ತಿ ಕೂತೆ. ಬಸ್ಸು ತಿರುಗುವಾಗ ನೋಡಿದರೆ ಅವಳು ಆಗಲೇ ಬೆನ್ನು ಮಾಡಿ ನಡೆದಿದ್ದಳು.

ಬಾದಾಮಿ ದಾಟಿ ಕುಳಗೇರಿ ಕ್ರಾಸಿನಲ್ಲಿ ಬಸ್ಸು ಚಹಾಕ್ಕೆ ನಿಂತಿತು. ನನ್ನ ಬಾಜೂ ಕೂತಿದ್ದ ಹಿರಿಯರು ಸೀಟಿನ ಮೇಲೆ ಟವೆಲ್ ಹಾಕಿ, “ಬಂದ್ನಿ, ಜರಾ ನೋಡ್ರಿ” ಎಂದು ಇಳಿದರು. ನಾನು ಅವರ ಸೀಟು ಕಾಯುತ್ತ ಕೂತೆ. ಅವರು ಅಂದಂತೆಯೇ ಗಳಿಗೆಯಲ್ಲಿ ಬಂದರು. ಆಮೇಲೆ ನಾನು ಇಳಿದೆ. ಅಂಗಡಿಗಳ ಹಿಂದೆ ಲಾರಿಗಳು ನಿಂತ ಕಡೆಗೆ ಹೋಗಿ ಫೋನು ಮಾಡಿದೆ. ಅವಳು ಕೆಲಸದ ಮನೆಯಲ್ಲಿದ್ದಳು. ಕಂಡಿಕೆ ಸುತ್ತುವ ರಾಟಿಯ ಸಪ್ಪಳ ಕೇಳುತ್ತಿತ್ತು, ನಿಂತಿತು.

“ಹೋಗ್ತೇನಿ,” ಅಂದೆ.

ಅವಳು “ಹೂಂ” ಅಂದಳು. ಫೋನು ಇಡುವುದನ್ನು ಮರೆತಳೋ, ನೆಲದ ಮೇಲೆ ಹಾಗೇ ಇಟ್ಟಳೋ ತಿಳಿಯದು. ರಾಟಿ ಮತ್ತೆ ತಿರುಗತೊಡಗಿತು. ಕಂಡಕ್ಟರ್ ಸೀಟಿ ಊದುವ ತನಕ ನಾನು ಅದನ್ನೇ ಕೇಳುತ್ತ ನಿಂತಿದ್ದೆ.