ಹೊಸ ಬಾವಿಯ ನೀರೂ ಅರಿಶಿನದ ಬಟ್ಟೆಯೂ

ನೀರಿನ ಗುಣ ತಿಳಿಯಬೇಕಾದರೆ ಮೊದಲು ಪಿಎಚ್ ನೋಡುತ್ತಾರಂತೆ. ಏಳು ನಡುಮಧ್ಯ, ಅದಕ್ಕಿಂತ ಇಳಿದರೆ ಹುಳಿ, ಏರಿದರೆ ಕ್ಷಾರ. ಮೊನ್ನೆ ಮೊಮ್ಮಗಳು ಹೇಳಿದಳು. ನನಗೇನೂ ಬೆರಗಾಗಲಿಲ್ಲ. ಮಹಾರಾಜರ ಕಾಲದಲ್ಲೇ, ಅಕ್ಷರ ಬಾರದ ನಮ್ಮತ್ತೆ ಮಾಗಡಿ ಸೀಮೆಯ ಕಲ್ಯದಲ್ಲಿ ಕೂತು ಇದನ್ನು ಮಾಡುತ್ತಿದ್ದಳು. ಎಂಥ ಹೆಂಗಸು ಅಂತೀರಿ!

ನಾನು ಸೊಸೆಯಾಗಿ ಕಾಲಿಟ್ಟ ತಿಂಗಳೇ ಮನೆಯ ಹಿಂದೆ ಹೊಸ ಬಾವಿ ತೋಡಿದರು. ಅತ್ತೆ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವವಳು. ಹೊಸ ನೀರು ಹಾಕಿದ ಮೊದಲ ದಿನವೇ ಗೂಡೆಲ್ಲ ಲೋಳೆಯಾಗಿ, ನೂಲು ಪಟಪಟನೆ ತುಂಡಾಗತೊಡಗಿತು. ಮಾವನ ಅಕ್ಕ ಜಗುಲಿಯಿಂದಲೇ ಶುರು ಮಾಡಿದಳು: "ನೀರು ಸವುಳು ಕಣವ್ವ! ಎಲ್ಲಾ ಇವಳ ಕಾಲ್ಗುಣ! ಬಾವಿ ಮುಚ್ಚಿ, ಇವಳನ್ನ ತವರಿಗೆ ಕಳ್ಸಿ ಅತ್ಲಾಗೆ." ನನ್ನ ಗಂಡನಂತೂ ಕಂಬ ನೋಡುತ್ತ ನಿಂತ, ಮಹಾಶೂರ!

ಅತ್ತೆ ಕೂಗಾಡಲಿಲ್ಲ. "ಒಸಿ ತಡೀರಿ," ಎಂದು ಒಳಗಿನಿಂದ ಅರಿಶಿನದಲ್ಲಿ ಅದ್ದಿ ಒಣಗಿಸಿಟ್ಟಿದ್ದ ಬಟ್ಟೆ ತಂದು ಎರಡು ಚೂರು ಹರಿದಳು. ಒಂದನ್ನು ಆಗತಾನೇ ಬಾವಿಯಿಂದ ಸೇದಿದ ನೀರಿನಲ್ಲಿ ಅದ್ದಿದಳು. ಹಳದಿ ಹಾಗೇ ಇತ್ತು. ಇನ್ನೊಂದನ್ನು ಗೂಡು ಬೇಯಿಸಿದ ಹಂಡೆಯಲ್ಲಿ ಅದ್ದಿದಳು. ನೋಡನೋಡುತ್ತ ಕೆಂಪಾಯಿತು.

"ಆರತಿ ನೀರಿಗೆ ಸುಣ್ಣ ಬಿದ್ರೆ ಅರಿಶಿನ ಕೆಂಪಾಗಕ್ಕಿಲ್ವಾ? ಬೂದಿ ಬಿದ್ರೂ ಅಂಗೇಯ," ಎಂದು ಅತ್ತೆ ಹಂಡೆಯ ತಳಕ್ಕೆ ಸೌಟು ಹಾಕಿ ಎತ್ತಿದಳು. ಬೂದಿಯ ರಾಡಿ ಬಂತು.

ಅಯ್ಯೋ! ಹಿಂದಿನ ಸಂಜೆ ಹಂಡೆ ಫಳಫಳ ಹೊಳೆಯಲಿ, ಅತ್ತೆ ಮೆಚ್ಚಲಿ ಎಂದು ಬೂದಿ ಹಾಕಿ ನೆನೆಸಿಟ್ಟವಳು ನಾನು. ಬೆಳಗ್ಗೆ ಅದನ್ನು ಚೆಲ್ಲುವುದು ಮರೆತು ಮೇಲೆಯೇ ನೀರು ಸುರಿದಿದ್ದೆ. ಬೂದಿಯ ಕ್ಷಾರ ಗೂಡಿನ ಅಂಟನ್ನೆಲ್ಲ ತಿಂದುಹಾಕಿತ್ತು. ಅತ್ತೆ ನನ್ನ ಮುಖ ನೋಡಿದಳು. ಅವಳಿಗೆ ಎಲ್ಲ ಗೊತ್ತಾಗಿಹೋಯಿತು.

"ಯಾರ್ ಮಾಡಿದ್ದು ಈ ಕೆಲ್ಸವ?" ಎನ್ನುತ್ತ ಮಾವನ ಅಕ್ಕ ಎದ್ದು ಬಂದಳು.

"ನಾನೇ ಕಣಕ್ಕ, ಬೂದಿ ನೆನೆಹಾಕಿ ಮರ್ತುಬುಟ್ಟೆ. ಬಾವಿ ನೀರು ಚಿನ್ನದಂಗೈತೆ. ನನ್ ಸೊಸೆ ಕಾಲ್ಗುಣಕ್ಕೆ ಏನಾಗೈತೆ?" ಎಂದಳು ಅತ್ತೆ.

ಆಮೇಲೆ ನನ್ನ ಕಡೆ ತಿರುಗಿ, "ನೀರು ಸೇದ್ಕೊಂಡ್ ಬಾ ಓಗವ್ವ," ಎಂದಳು. ಬಾವಿಕಟ್ಟೆಯಲ್ಲಿ ಹಗ್ಗ ಹಿಡಿದುಕೊಂಡೇ ಬಿಕ್ಕಿಬಿಕ್ಕಿ ಅತ್ತುಬಿಟ್ಟೆ. ಆ ತಪ್ಪು ತನ್ನದೇ ಎಂದು ಅವಳು ಸಾಯುವವರೆಗೂ ಹೇಳಿದಳು, ನಾವಿಬ್ಬರೇ ಇದ್ದಾಗಲೂ.