ಪಟದ ಕೆಳಗೆ ಬರೆಯದ ಹೆಸರು

ನಮ್ಮ ಪೋರ್ಟ್‌ಲಾರಿಯಲ್ಲಿ ಯಾರ ಅಟ್ಟದಲ್ಲಾದರೂ ಹಳೇ ಫೋಟೋ ಸಿಕ್ಕಿತೆಂದರೆ ಅದು ಮೊದಲು ಎಫಿ ಫ್ಲೆಟ್‌ಳ ಅಡುಗೆಮನೆಗೆ ಬರುತ್ತಿತ್ತು. ಸ್ಕಾಟ್ಲೆಂಡಿನ ಈ ಕರಾವಳಿಯಲ್ಲಿ ಊರಿಗೆ ಊರೇ ನಾಲ್ಕೈದು ಮನೆತನದ ಹೆಸರನ್ನು ಹಂಚಿಕೊಂಡು ಬದುಕುತ್ತದೆ. ಅಜ್ಜನ ಹೆಸರು ಮೊಮ್ಮಗನಿಗೆ, ಅವನದು ಅವನ ಮೊಮ್ಮಗನಿಗೆ. ವಿಲ್ ಸ್ಲೇಟರ್ ಎಂದು ಕೂಗಿದರೆ ಅರ್ಧ ಬೀದಿ ತಿರುಗಿ ನೋಡುತ್ತದೆ. ಹಾಗಾಗಿ ಕೊಕ್ಕರೆ ವಿಲ್, ಗುಂಡ ವಿಲ್ ಎಂದು ಅಡ್ಡಹೆಸರು. ಇಂಥ ಗೋಜಲಿನಲ್ಲಿ ಸತ್ತವರನ್ನು ಗುರುತಿಸುವುದು ಎಲ್ಲರಿಗೂ ಆಗುವ ಕೆಲಸವಲ್ಲ. ಎಫಿ ಕನ್ನಡಕ ಏರಿಸಿ ಒಂದು ಸಲ ನೋಡಿದರೆ ಸಾಕಿತ್ತು.

"ಇವನು ನಮ್ಮ ಕೊಕ್ಕರೆ ವಿಲ್‌ನ ತಾತ ಕಣೇ ನೆಲ್. ಕಿವಿ ನೋಡು, ಈ ಮನೆಯವರಿಗೆ ದೋಣಿಗೆ ಹಾಯಿ ಕಟ್ಟೋ ಖರ್ಚೇ ಇರಲಿಲ್ಲ!"

ನೆಲ್ ಎಂದರೆ ನಾನು. ಹುಡುಗಿಯರಾಗಿದ್ದಾಗಿನಿಂದ ನಾವಿಬ್ಬರೂ ಪಕ್ಕಪಕ್ಕ ನಿಂತು ಹೆರಿಂಗ್ ಮೀನು ಸೀಳಿದವರು. ದೋಣಿಗಳ ಹಿಂದೆ ಉತ್ತರದ ಲರ್ವಿಕ್ ಬಂದರಿನಿಂದ ದಕ್ಷಿಣದ ಯಾರ್ಮತ್‌ವರೆಗೆ ಹೋಗುತ್ತಿದ್ದೆವು. ಬೆರಳಿಗೆ ಬಟ್ಟೆಚೂರು ಸುತ್ತಿಕೊಂಡರೂ ಉಪ್ಪುನೀರು ಗಾಯಕ್ಕೆ ಇಳಿದು ಜೀವ ಹೋಗುತ್ತಿತ್ತು, ಅವಳು ಮಾತ್ರ ಹಾಡುತ್ತಿದ್ದಳು. ಗಂಡ ಎದೆರೋಗದಿಂದ ಸತ್ತ ಮೇಲೆ ಹಾಡು ನಿಂತಿತು. ಉಳಿದದ್ದು ಒಬ್ಬನೇ ಮಗ ಅಲಿಕ್. ಏಡಿ ಹಿಡಿಯುವ ಸ್ವಂತ ದೋಣಿ ಮಾಡಿದ್ದ, ಅವನ ಕೈಕೆಳಗೆ ಕೊಕ್ಕರೆ ವಿಲ್ ಸೇರಿ ಮೂರು ಜನ. ಆ ಮಗನೆಂದರೆ ಎಫಿಗೆ ಪ್ರಾಣ.

ಇನ್ನು ಆ ಹೆಸರಿನ ವಿಷಯ. ಡಫಸ್ ಎಂಬ ಮನೆತನದ ಹೆಸರನ್ನು ನಮ್ಮೂರ ಬೆಸ್ತರು ಬಾಯಲ್ಲಿ ಎತ್ತುವುದಿಲ್ಲ. ಅಪಶಕುನವಂತೆ. ಯಾರಾದರೂ ಅಂದುಬಿಟ್ಟರೆ "ಕಬ್ಬಿಣ, ಕಬ್ಬಿಣ" ಎಂದು ಕೈಗೆ ಸಿಕ್ಕ ಮೊಳೆಯನ್ನೋ ಲಂಗರನ್ನೋ ಹಿಡಿದುಕೊಳ್ಳುತ್ತಾರೆ. ಆ ಹೆಸರಿನವನನ್ನು ದೋಣಿಗೆ ಹತ್ತಿಸುವುದಂತೂ ಕನಸಿನ ಮಾತು. ಯಾಕೆ ಎಂದು ಕೇಳಿದರೆ ಒಬ್ಬನಿಗೂ ಗೊತ್ತಿಲ್ಲ. ಬಿರುಗಾಳಿಗೆ ಹೆದರದ ಗಂಡಸರು ಒಂದು ಹೆಸರಿಗೆ ಹೆದರಿ ಸಾಯುತ್ತಾರೆ, ಥೂ ಇವರ ಧೈರ್ಯಕ್ಕಿಷ್ಟು! ನಾನಂತೂ ಬರೆಯುತ್ತೇನೆ. ಡಫಸ್.

ಆ ವರ್ಷ ಚಳಿಗಾಲಕ್ಕೆ ಮುಂಚೆ ಊರಿನ ಸಭಾಂಗಣದಲ್ಲಿ ಹಳೇ ಪಟಗಳ ಪ್ರದರ್ಶನ ಇಡುವುದೆಂದು ಪಾದ್ರಿಯ ಹೆಂಡತಿ ಹೊರಟಳು. ಪ್ರತಿಯೊಂದರ ಕೆಳಗೂ ಹೆಸರು ಬರೆಯುವ ಕೆಲಸ ಎಫಿಯದು. ಗಂಡನ ಮನೆಯ ಪೆಟ್ಟಿಗೆಯ ತಳದಲ್ಲಿ ಅವಳಿಗೊಂದು ಪಟ ಸಿಕ್ಕಿತು. ದಡಕ್ಕೆಳೆದ ದೋಣಿಯ ಮುಂದೆ ಐವರು ಗಂಡಸರು ನಿಂತಿದ್ದಾರೆ. ನಾಲ್ವರ ಕೆಳಗೆ ಮುದ್ದಾದ ಅಕ್ಷರದಲ್ಲಿ ಹೆಸರಿದೆ. ಐದನೆಯವನ ಕೆಳಗೆ ಬರೀ ಖಾಲಿ ಜಾಗ. ಎಡಭುಜ ಸ್ವಲ್ಪ ಇಳಿಸಿ, ಹೆಬ್ಬೆರಳನ್ನು ಬೆಲ್ಟಿಗೆ ಸಿಕ್ಕಿಸಿ ನಿಂತಿದ್ದ ಅವನ ಮುಖದ ಮೇಲೆ ನಾನು ಬೆರಳಿಟ್ಟೆ.

"ಅಲಿಕ್ ಅಲ್ವೇನೇ ಇದು?" ಅಂದೆ.

"ಅಲಿಕ್‌ನ ಅಪ್ಪನ ತಾತ ಇರ್ಬೇಕು. ಜೊತೆಯವರ ಹೆಸರೆಲ್ಲಾ ಬರ್ದು ಇವನೊಬ್ಬನ್ನ ಯಾಕೆ ಬಿಟ್ರು?"

"ಬಿಟ್ಟಿದ್ದಾರೆ ಅಂದ್ರೆ ಏನೋ ಇರತ್ತೆ. ನೀನೂ ಬಿಡೇ."

ಅವಳು ಬಿಡುವ ಪೈಕಿಯೇ? ಎಡಿನ್‌ಬರೋದ ದಾಖಲೆ ಕಚೇರಿಗೆ ಕಾಗದ ಬರೆದಳು. ಸ್ವಲ್ಪ ದಿನಕ್ಕೆ ನಕಲುಗಳು ಬಂದವು. ಆ ತಾತನ ಮದುವೆಯ ದಾಖಲೆಯಲ್ಲಿ ಗಂಡು ಜಾನ್ ಡಫಸ್, ಹೆಣ್ಣು ಆನ್ ಫ್ಲೆಟ್. ಮುಂದೆ ಹುಟ್ಟಿದ ಮಕ್ಕಳ ದಾಖಲೆಯಲ್ಲಿ ಅಪ್ಪನೂ ಫ್ಲೆಟ್ ಆಗಿದ್ದಾನೆ. ಬೇರೆ ಊರಿಂದ ಬಂದವನು ದೋಣಿಯಲ್ಲಿ ಜಾಗ ಸಿಗಲೆಂದು ಹೆಂಡತಿಯ ಮನೆತನದ ಹೆಸರು ತೊಟ್ಟುಕೊಂಡಿದ್ದ. ಜೊತೆಯವರಿಗೆ ಗೊತ್ತಿತ್ತು. ಪಟದಲ್ಲಿ ಸುಳ್ಳು ಹೆಸರು ಬರೆಯಲು ಮನಸ್ಸು ಬರಲಿಲ್ಲ, ನಿಜವಾದದ್ದನ್ನು ಬರೆಯಲು ಧೈರ್ಯ ಬರಲಿಲ್ಲ. ಖಾಲಿ ಬಿಟ್ಟರೆ ಮುಚ್ಚಿಹೋಗುತ್ತದೆ ಅಂದುಕೊಂಡರು, ಪಾಪ. ಆ ಖಾಲಿ ಜಾಗ ಇಲ್ಲದಿದ್ದರೆ ಎಫಿ ಆ ಪಟವನ್ನು ಎರಡನೇ ಸಲ ನೋಡುತ್ತಲೇ ಇರಲಿಲ್ಲ.

ಇದು ಹೊರಗೆ ಬಿದ್ದರೆ ಅಲಿಕ್‌ನ ದೋಣಿಗೆ ಯಾರು ಕಾಲಿಡುತ್ತಾರೆ?

"ಆ ಪಟ ಒಲೆಗೆ ಹಾಕು. ಕೈ ಮುಗೀತೀನಿ" ಅಂದೆ.

"ಬದುಕಿದ್ದಾಗ ಹೆಸರು ಕಿತ್ಕೊಂಡ್ರು, ಸತ್ತ ಮೇಲೂ ಅಳಿಸೋದಾ? ನನ್ನ ಕೈಲಾಗಲ್ಲ ನೆಲ್. ಆದ್ರೆ ಹೊಡೆತ ಬೀಳೋದು ನನಗಲ್ಲ, ಅವನಿಗೆ. ಅವನನ್ನೇ ಕೇಳ್ತೀನಿ."

ಅಲಿಕ್ ಗಂಜಿ ಬಟ್ಟಲು ಕೈಯಲ್ಲಿ ಹಿಡಿದೇ ವಿಷಯವೆಲ್ಲ ಕೇಳಿ, ಪಟ ನೋಡಿ ಗಹಗಹಿಸಿ ನಕ್ಕ. "ಅಯ್ಯೋ, ನಾನೇ ಮೀಸೆ ಅಂಟಿಸ್ಕೊಂಡ ಹಾಗಿದೆ! ಹಾಕಮ್ಮ, ಹೆಸರು ಬರೆದೇ ಹಾಕು. ಯಾವ ಕಾಲದಲ್ಲಿದೀವಿ ನಾವು? ಆಕಾಶಕ್ಕೆ ರಾಕೆಟ್ ಬಿಡ್ತಿದಾರೆ."

"ಮಗಾ, ನಿನ್ನ ದೋಣೀಲಿರೋರು ರಾಕೆಟ್ ಬಿಡೋರಲ್ಲ" ಅಂದೆ.

"ಕೊಕ್ಕರೆ ವಿಲ್ ನನ್ನನ್ನ ಎತ್ತಿ ಆಡಿಸಿದೋನು, ನೆಲ್ ಚಿಕ್ಕಮ್ಮ. ಅವನು ಕೈಕೊಡ್ತಾನಾ?"

ಎಫಿ ಚೀಟಿಯಲ್ಲಿ ಜಾನ್ ಡಫಸ್ ಎಂದು ಬರೆದು ಪಟದ ಕೆಳಗೆ ಅಂಟಿಸಿದಳು. ಶನಿವಾರ ಸಂಜೆ ಸಭಾಂಗಣ ತುಂಬಿತ್ತು. ಚಹಾ, ಬೆಣ್ಣೆ ಬಿಸ್ಕತ್ತು, ಅಜ್ಜಂದಿರ ಮೂಗು ಕಿವಿ ನೋಡಿ ನಗು. ಕೊಕ್ಕರೆ ವಿಲ್ ಒಂದೊಂದೇ ಪಟ ನೋಡುತ್ತ ಬಂದು ಆ ಪಟದ ಮುಂದೆ ನಿಂತ. ಹೆಸರು ಓದಿದ, ತಿರುಗಿ ಅಲಿಕ್‌ನ ಮುಖ ನೋಡಿದ. ಆಮೇಲೆ ಮೂಲೆಯಲ್ಲಿ ಉರಿಯುತ್ತಿದ್ದ ಕಬ್ಬಿಣದ ಒಲೆಯ ಹತ್ತಿರ ನೆಟ್ಟಗೆ ನಡೆದು ಅದರ ಮೇಲೆ ಅಂಗೈ ಒತ್ತಿದ. ಚುರ್ ಎಂದದ್ದು ನನಗೆ ಕೇಳಿಸಿತು. ಆದರೂ ಕೈ ತೆಗೆಯಲಿಲ್ಲ. ಉಳಿದ ಗಂಡಸರು ಬಾಗಿಲ ಚಿಲಕ, ಕುರ್ಚಿಯ ಕಬ್ಬಿಣದ ಕಾಲು, ಏನು ಸಿಕ್ಕಿತೋ ಅದನ್ನು ಹಿಡಿದರು. ಟೋಪಿ ಹಾಕಿಕೊಂಡು ಹೊರಟುಹೋದರು.

ಭಾನುವಾರ ಇಗರ್ಜಿಯಲ್ಲಿ ಎಫಿ ಕೂತ ಬೆಂಚಿನಲ್ಲಿ ಅವಳ ಹೊರತು ಯಾರೂ ಇರಲಿಲ್ಲ. ನಾನು ಹೋಗಿ ಪಕ್ಕದಲ್ಲಿ ಕೂತೆ.

ಸೋಮವಾರ ಬೆಳಗ್ಗೆ ದಕ್ಕೆಗೆ ಅಲಿಕ್‌ನ ಆಳುಗಳಲ್ಲಿ ಒಬ್ಬನೂ ಬರಲಿಲ್ಲ. ಸಮುದ್ರ ಸೀಸದ ಬಣ್ಣಕ್ಕೆ ತಿರುಗಿತ್ತು, ಈಶಾನ್ಯದ ಗಾಳಿ ಏಳುವುದರಲ್ಲಿತ್ತು. ಶನಿವಾರ ಇಳಿಬಿಟ್ಟ ಏಡಿಬುಟ್ಟಿಗಳು ಬಂಡೆಸಾಲಿನಾಚೆ ನೀರಿನಲ್ಲಿದ್ದವು. ಅಲೆ ಎದ್ದರೆ ಒಂದೂ ಉಳಿಯುವುದಿಲ್ಲ. ಅಲಿಕ್ ವಿಲ್‌ನ ಮನೆ ಬಾಗಿಲು ತಟ್ಟಿದ. ವಿಲ್‌ನ ಹೆಂಡತಿ ಕಿಟಕಿಯಿಂದಲೇ ಮಾತಾಡಿದಳು.

"ಅವರಿಗೆ ಕೈ ಸುಟ್ಟಿದೆ. ಬರಲ್ಲ."

"ಕೈ ವಾಸಿಯಾದ ಮೇಲೆ?"

ಅವಳು ಪರದೆ ಎಳೆದುಕೊಂಡಳು.

ಅಲಿಕ್ ಬಂದು ಒಬ್ಬನೇ ದೋಣಿಯ ಹಗ್ಗ ಬಿಚ್ಚತೊಡಗಿದ. ಎಫಿ ಓಡಿಬಂದು ಅವನ ತೋಳು ಹಿಡಿದುಕೊಂಡಳು.

"ಬೇಡ ಕಣೋ. ಬುಟ್ಟಿ ಹಾಳಾಗಿ ಹೋಗ್ಲಿ. ಆ ಹೆಸರಿನ ಚೀಟಿ ಕಿತ್ತುಹಾಕ್ತೀನಿ, ತಪ್ಪಾಯ್ತು ಅಂತ ಮನೆಮನೆಗೆ ಹೋಗಿ ಹೇಳ್ತೀನಿ."

"ಯಾವ ತಪ್ಪಮ್ಮ? ಹುಟ್ಟಿದ್ದಾ?" ಅವನ ಮುಖದಲ್ಲಿ ನಗುವಿರಲಿಲ್ಲ. "ಇವತ್ತು ನಾನು ಹೋಗ್ದಿದ್ರೆ ಅವರು ಹೇಳಿದ್ದೇ ನಿಜ ಅಂತಾಗತ್ತೆ. ಹೋಗಿ ಬಂದ್ರೆ ಎಲ್ಲಾ ಮುಗೀತು. ಸಾರು ಬಿಸಿ ಇಟ್ಟಿರು."

"ಹಗ್ಗ ಎಳೆಯೋರು ಯಾರೋ? ಚುಕ್ಕಾಣಿ ಹಿಡಿಯೋರು ಯಾರೋ?" ಎಂದು ನಾನು ದಕ್ಕೆಯ ಮೇಲಿಂದ ಅರಚಿದೆ. ಅವನು ಕೈ ಬೀಸಿದ. ಬೀದಿಯ ಮನೆಗಳ ಪರದೆಗಳೆಲ್ಲ ಒಂದಿಷ್ಟಿಷ್ಟು ಸರಿದಿದ್ದವು. ನೋಡುತ್ತಿದ್ದರು, ಹಾಳಾದವರು, ಒಬ್ಬನಾದರೂ ಇಳಿದು ಬರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅಲೆಗಳು ದಕ್ಕೆಯ ಗೋಡೆ ಹಾರಿ ಬೀದಿಗೆ ಬೀಳುತ್ತಿದ್ದವು. ರಕ್ಷಣಾ ದೋಣಿ ಹೊರಟಿತು. ಅದರಲ್ಲಿ ವಿಲ್ ಇದ್ದ, ಸುಟ್ಟ ಕೈಗೆ ಬಟ್ಟೆ ಸುತ್ತಿಕೊಂಡು. ಅಲಿಕ್‌ನ ಜೊತೆ ಹೋಗಲೊಲ್ಲದ ಮೂವರೂ ಅಲಿಕ್‌ನನ್ನು ಹುಡುಕಲು ಪ್ರಾಣದ ಹಂಗು ತೊರೆದು ಹೋದರು. ಇವರನ್ನು ಬೈಯಬೇಕೋ ಇವರಿಗಾಗಿ ಅಳಬೇಕೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಮರುದಿನ ದೋಣಿ ಬಂಡೆಸಾಲಿನ ಮೇಲೆ ಒಡೆದು ಬಿದ್ದಿದ್ದು ಸಿಕ್ಕಿತು. ಅವನು ಸಿಗಲಿಲ್ಲ. ಮೂರು ಜನ ಜೊತೆಗಿದ್ದಿದ್ದರೆ ಆ ದೋಣಿ ವಾಪಸು ಬರುತ್ತಿತ್ತು. ಊರಲ್ಲಿ ಮಾತ್ರ "ನೋಡಿದ್ರಾ, ಆ ಹೆಸರು ಬಿಡಲಿಲ್ಲ" ಎಂದು ಪಿಸುಗುಟ್ಟಿದರು.

ವಾರ ಕಳೆದ ಮೇಲೆ ಗಂಡಸರು ಕಪ್ಪು ಕೋಟು ಹಾಕಿಕೊಂಡು ಎಫಿಯ ಮನೆಗೆ ಬಂದರು. ನಾನು ಚಹಾ ಕೊಟ್ಟೆ. ವಿಲ್ ತಲೆ ತಗ್ಗಿಸಿಕೊಂಡು, "ನಿನ್ನ ಮಗ ಒಳ್ಳೇ ನಾವಿಕ ಆಗಿದ್ದ ಎಫಿ. ಅಂಥೋನು ಈ ಕರಾವಳೀಲಿ ಇನ್ನೊಬ್ಬನಿಲ್ಲ" ಅಂದ. ಅವನ ಕಣ್ಣು ಕೆಂಪಾಗಿತ್ತು.

"ಯಾರು?" ಅಂದಳು ಎಫಿ.

"ನಿನ್ನ ಮಗ."

"ಅವನಿಗೊಂದು ಹೆಸರಿದೆ ವಿಲ್. ನೀನೇ ತೊಡೆ ಮೇಲೆ ಕೂರಿಸ್ಕೊಂಡು ಕರೀತಿದ್ದೆ. ಮನೆತನದ ಹೆಸರು ಬೇಡ, ಬರೀ ಅವನದೊಂದು ಹೇಳು. ಒಂದೇ ಸಲ."

ವಿಲ್ ಚಹಾ ಬಟ್ಟಲನ್ನೇ ನೋಡುತ್ತ ಕೂತ. ನೀರುಪಾಲಾದ ಆ ಮನೆತನದವನ ಹೆಸರನ್ನು ನಾಳೆ ಸಮುದ್ರಕ್ಕಿಳಿಯುವವನು ಹೇಗೆ ಹೇಳಿಯಾನು? ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಒಬ್ಬೊಬ್ಬರೇ ಬಟ್ಟಲು ಕೆಳಗಿಟ್ಟು ಎದ್ದು ಹೋದರು.

ಬಾಗಿಲು ಮುಚ್ಚಿದ ಮೇಲೆ ಎಫಿ ಮೆಲ್ಲಗೆ ಅಂದಳು. "ನೆಲ್, ಇನ್ಮೇಲೆ ಈ ಊರಲ್ಲಿ ಅವನನ್ನ ಯಾರೂ ಕರೆಯಲ್ಲ. ನೀನು ಕರಿ. ಊಟಕ್ಕೆ ಕರೆಯೋ ಹಾಗೆ."

ನಾನು ಬಾಗಿಲು ತೆಗೆದು, ಬೀದಿಯ ಕಡೆ ಮುಖ ಮಾಡಿ ಕರೆದೆ. "ಅಲಿಕ್!"

"ಇನ್ನೂ ಜೋರಾಗಿ" ಅಂದಳು.